ಅವ್ವ ಪಾರ್ಸೆಲ್ ಅಲ್ಲ: ಎರಡು ವಿಮಾನ ನಿಲ್ದಾಣಗಳ ನಡುವಿನ 11 ತಾಸು ಯಾರದ್ದು?

ಹುಬ್ಬಳ್ಳಿಯ ಹೊಸ ಬಸ್ ನಿಲ್ದಾಣದಲ್ಲಿ ಇಳಿದು, ಹಳೇ ಬಸ್ ನಿಲ್ದಾಣಕ್ಕೆ ಹೋಗಿ ಬೇರೆ ಬಸ್ ಹತ್ತದವರು ನಮ್ಮ ಕಡೆ ಯಾರಿದ್ದಾರೆ? ಕೈಯಲ್ಲಿ ಎರಡು ಚೀಲ, ಕಂಕುಳಲ್ಲಿ ಕೂಸು, ತಲೆಯ ಮೇಲೊಂದು ಗಂಟು. ಮುಂದಿನ ಬಸ್ಸಿಗೆ ಮೂರು ತಾಸು ಇದೆ ಅಂದರೆ ನಮ್ಮ ಹೆಣ್ಣುಮಕ್ಕಳು ಸುಮ್ಮನೆ ಕೂಡುತ್ತಾರೆಯೇ? ಸಿದ್ಧಾರೂಢ ಮಠಕ್ಕೆ ಹೋಗಿ ಅಜ್ಜನ ದರ್ಶನ ಮಾಡಿ, ಪ್ರಸಾದ ಮುಗಿಸಿ, ದುರ್ಗದಬೈಲಿನಲ್ಲಿ ಬಳೆ, ಕುಂಕುಮ ಕೊಂಡು, ಬಸ್ ಬಿಡುವ ಹೊತ್ತಿಗೆ ಸರಿಯಾಗಿ ಬಂದು ಸೀಟು ಹಿಡಿಯುತ್ತಾರೆ. ಅವರಿಗೆ ಇದನ್ನು ಯಾರೂ ಕಲಿಸಿಲ್ಲ. ನಡುವೆ ಸಿಕ್ಕ ಹೊತ್ತನ್ನು ದಕ್ಕಿಸಿಕೊಳ್ಳುವುದು ನಮ್ಮ ಮಂದಿಗೆ ಹುಟ್ಟಿನಿಂದಲೇ ಗೊತ್ತು.

ಅದೇ ಹೆಣ್ಣುಮಗಳನ್ನು ವಿಮಾನ ಹತ್ತಿಸಿ ನೋಡಿ. ಒಂದು ಕುರ್ಚಿ ಹಿಡಿದು ಕೂತರೆ ಎದ್ದೇಳುವುದಿಲ್ಲ. ಭಾಷೆ ಬಾರದ್ದಕ್ಕೆ ಹೀಗೆ ಅಂತ ನಾವು ಹೇಳಿಕೊಳ್ಳುತ್ತೇವೆ. ಸುಳ್ಳು. ಅವರನ್ನು ಕುರ್ಚಿಗೆ ಕಟ್ಟಿಹಾಕಿದವರು ನಾವು, ಓದಿದ ಮಕ್ಕಳು. ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ, ಯಾಕೆಂದರೆ ಕಟ್ಟಿಹಾಕಿದವನು ನಾನೇ.

ನಮ್ಮ ಅಕ್ಕ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿದ್ದಾಳೆ. ಅವಳ ಬಾಣಂತನಕ್ಕೆ ಅವ್ವ ಹೋಗಬೇಕಾಯಿತು. ಎಮ್ಮೆ ಬಿಟ್ಟು ಬರೋದಿಲ್ಲ ಅಂತ ಅಪ್ಪ ಊರಲ್ಲೇ ಉಳಿದ. ಇಳಕಲ್ಲದ ಹತ್ತಿರದ ನಮ್ಮ ಊರಿನಿಂದ ಬೆಂಗಳೂರಿಗೆ ಹೋಗಿ, ಬೆರಳಚ್ಚು ಕೊಟ್ಟು, ಬ್ರಿಟನ್ನಿನ ವೀಸಾ ಮಾಡಿಸಿದ್ದಾಯಿತು. ಟಿಕೆಟ್ ತೆಗೆದವನು ನಾನು. ಮುಂಬೈಯಿಂದ ಲಂಡನ್ನಿಗೆ ಒಂದು ಟಿಕೆಟ್, ಲಂಡನ್ನಿನಿಂದ ಗ್ಲಾಸ್ಗೋಗೆ ಇನ್ನೊಂದು. ಬೇರೆ ಬೇರೆಯಾಗಿ ತೆಗೆದರೆ ಆರು ಸಾವಿರ ರೂಪಾಯಿ ಉಳಿಯುತ್ತದೆ ಅಂತ ಏಜೆಂಟ್ ಹೇಳಿದ. ಹಣ ಉಳಿಯಿತು ಅಂತ ನಾನು ಹಿಗ್ಗಿದೆ. ಹಣ ಕಟ್ಟಿ ಎರಡು ದಿನ ಆದಮೇಲೆ ಟಿಕೆಟ್ ಸರಿಯಾಗಿ ಓದಿದೆ. ಇಳಿಯುವುದು ಹೀಥ್ರೋ ನಿಲ್ದಾಣದಲ್ಲಿ. ಹತ್ತುವುದು ಗ್ಯಾಟ್ವಿಕ್ ನಿಲ್ದಾಣದಲ್ಲಿ. ಎರಡಕ್ಕೂ ಲಂಡನ್ ಅಂತಲೇ ಹೆಸರು. ನಡುವೆ ರಸ್ತೆಯಲ್ಲಿ ಸುಮಾರು 65 ಕಿಲೋಮೀಟರ್, ಕೈಯಲ್ಲಿ 11 ತಾಸು.

ನನಗೆ ಗಾಬರಿಯಾಯಿತು. ಗಾಬರಿಯಾದ ಓದಿದವರು ಮಾಡುವುದನ್ನೇ ನಾನೂ ಮಾಡಿದೆ. ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ನೇರ ಹೋಗುವ ಬಸ್ಸಿಗೆ ಸೀಟು ಮಾಡಿ, ಚೀಟಿಯಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದುಕೊಟ್ಟು, ಅವ್ವನಿಗೆ ಹತ್ತು ಸಲ ಹೇಳಿದೆ: "ಬಸ್ ಇಳದ ಮ್ಯಾಲೆ ಒಳಗ ಹೋಗಿ ಒಂದ್ ಕುರ್ಚಿ ಹಿಡದು ಕುಂದ್ರು. ಯಾರ ಜೋಡಿನೂ ಮಾತಾಡಬ್ಯಾಡ. ಎಲ್ಲೂ ಹೋಗಬ್ಯಾಡ. ಚೀಲ ಬಿಟ್ಟು ಎದ್ದರ ಪೊಲೀಸರು ಒಯ್ತಾರ."

ಅವ್ವ ಹಾಗೇ ಮಾಡಿದಳು. ಬೆಳಗ್ಗೆ ಏಳೂವರೆಗೆ ಹೀಥ್ರೋದಲ್ಲಿ ಇಳಿದಳು. ವೀಸಾ ತಪಾಸಣೆ ಮುಗಿಸಿ, ಎರಡು ದೊಡ್ಡ ಚೀಲ ತಾನೇ ಎತ್ತಿಕೊಂಡು, ಚೀಟಿ ತೋರಿಸಿ ಬಸ್ ಹುಡುಕಿ, ಹನ್ನೊಂದಕ್ಕೆ ಗ್ಯಾಟ್ವಿಕ್ ಮುಟ್ಟಿದಳು. ಅಲ್ಲಿಂದ ಸಂಜೆ ಆರೂವರೆಯ ವಿಮಾನದ ತನಕ ಕುರ್ಚಿ. ಆ ಏಳೂವರೆ ತಾಸಿನಲ್ಲಿ ಒಂದು ಗುಟುಕು ನೀರು ಕುಡಿದಿರಲಿಲ್ಲ. ಯಾಕೆ ಅಂತ ಆಮೇಲೆ ಅಕ್ಕ ಕೇಳಿದ್ದಕ್ಕೆ ಅವ್ವ ಹೇಳಿದ್ದು ಇಷ್ಟು: "ನೀರು ಕುಡದರ ಒಂದಕ್ಕ ಹೋಗಬೇಕು. ಹ್ವಾದರ ಚೀಲ ಯಾರು ನೋಡ್ತಾರ?" ಸಕ್ಕರೆ ಕಾಯಿಲೆ ಇರುವ 62 ವರ್ಷದ ಹೆಣ್ಣುಮಗಳು. ಗ್ಲಾಸ್ಗೋದಲ್ಲಿ ಇಳಿದಾಗ ಪಾದ ಎರಡೂ ಊದಿಕೊಂಡಿದ್ದವು.

ಇಷ್ಟೇ ಆಗಿದ್ದರೆ ತಪ್ಪಾಯಿತು ಅಂದುಕೊಂಡು ಮರೆಯುತ್ತಿದ್ದೆ. ಬಸವ ಜಯಂತಿಯ ದಿನ ಅಕ್ಕನ ವಾಟ್ಸಾಪಿಗೆ ಒಂದು ಫೋಟೋ ಬಂತು. ನದಿ ದಂಡೆ, ಅಲ್ಲೊಂದು ಪುತ್ಥಳಿ, ಕೊರಳಿಗೆ ಹೂವಿನ ಹಾರ. ಅವ್ವ ಗುರುತು ಹಿಡಿದಳು.

"ಇದು ಎಲ್ಲೈತಿ?"

"ಲಂಡನ್ನಾಗವ್ವಾ."

"ನಾ ಇಳದ ಊರಾಗ?"

"ಹೂಂ."

ಅವ್ವ ಬಹಳ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ ಅಂದಳಂತೆ: "ಕೂಡಲಸಂಗಮಕ ವರ್ಸಾ ಹೋಗ್ತೀನಿ. ಅಷ್ಟು ದೂರ ಹೋಗಿ ನಾ ಕುರ್ಚಿ ನೋಡಿ ಬಂದೆ."

ಈ ಮಾತು ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಷ್ಟದ ಕೆಲಸ ಅವರಿಗೆ, ಸುಖದ ಕೆಲಸ ನಿಷೇಧ

ನಾವು ಏನು ಮಾಡುತ್ತಿದ್ದೇವೆ ನೋಡಿ. ಪರದೇಶದ ವೀಸಾ ಅಧಿಕಾರಿಯ ಮುಂದೆ ಒಬ್ಬಳೇ ನಿಲ್ಲು ಅನ್ನುತ್ತೇವೆ. ಸಾಮಾನಿನ ಬೆಲ್ಟಿನಿಂದ ನಿನ್ನ ಚೀಲ ನೀನೇ ಹುಡುಕಿಕೋ ಅನ್ನುತ್ತೇವೆ. ಗೊತ್ತಿಲ್ಲದ ಊರಲ್ಲಿ ಬಸ್ ಹಿಡಿದು 65 ಕಿಲೋಮೀಟರ್ ಹೋಗು ಅನ್ನುತ್ತೇವೆ. ಇದೆಲ್ಲ ಅವರಿಂದ ಆಗುತ್ತದೆ ಎಂಬ ಭರವಸೆ ನಮಗಿದೆ, ಯಾಕೆಂದರೆ ಅದರಿಂದ ನಮಗೆ ಹಣ ಉಳಿಯುತ್ತದೆ. ಆದರೆ ಎರಡು ತಾಸು ನದಿ ದಂಡೆಯ ಮೇಲೆ ಅಡ್ಡಾಡಿ ಬಾ ಅನ್ನಲು ಮಾತ್ರ ಭರವಸೆ ಇಲ್ಲ. ಆಗ "ಪಾಪ, ಹಳ್ಳಿಯವರು, ಕಳೆದುಹೋಗ್ತಾರೆ" ಅನ್ನುತ್ತೇವೆ.

ಇದು ಕಾಳಜಿಯ ಮಾತಲ್ಲ. ಪಾರ್ಸೆಲ್ ಕಳಿಸುವವರು ಹೀಗೇ ಯೋಚಿಸುವುದು. ಪಾರ್ಸೆಲ್ ಮುಟ್ಟಿತೋ ಇಲ್ಲವೋ ಅಷ್ಟೇ ಮುಖ್ಯ, ಹಾದಿಯಲ್ಲಿ ಅದು ಏನು ನೋಡಿತು ಅಂತ ಯಾರೂ ಕೇಳುವುದಿಲ್ಲ.

ಇನ್ನೊಂದು ರೂಢಿ ಬಂದಿದೆ. ಕೈಕಾಲು ಗಟ್ಟಿ ಇರುವ ತಂದೆತಾಯಿಗೂ ಗಾಲಿಕುರ್ಚಿ ಬುಕ್ ಮಾಡುವುದು. ಭಾಷೆ ಬಾರದು, ತಳ್ಳಿಕೊಂಡು ಹೋಗುವವರು ಸರಿಯಾದ ಬಾಗಿಲಿಗೆ ಮುಟ್ಟಿಸುತ್ತಾರೆ ಎಂಬ ಉಪಾಯ. ಮೊಣಕಾಲು ನೋವಿದ್ದವರು, ಎದೆ ಕಾಯಿಲೆ ಇದ್ದವರು ಖಂಡಿತ ಕೇಳಿ ಪಡೆಯಬೇಕು, ಅದು ಅವರ ಹಕ್ಕು. ಆದರೆ ಬಿಸಿಲಲ್ಲಿ ದಿನವಿಡೀ ಕಳೆ ತೆಗೆಯುವ ಹೆಣ್ಣುಮಗಳನ್ನು ಇಂಗ್ಲಿಷ್ ಬಾರದು ಅಂತ ಗಾಲಿಕುರ್ಚಿಯಲ್ಲಿ ಕೂಡಿಸುವುದು ಏನು? ಭಾಷೆ ಬಾರದಿರುವುದನ್ನು ನಾವೇ ಅಂಗವೈಕಲ್ಯ ಮಾಡಿದೆವು. ನಿಜವಾಗಿ ಕುರ್ಚಿ ಬೇಕಾದ ಅಜ್ಜ ಅಜ್ಜಿಯರು ಅದಕ್ಕಾಗಿ ಸಾಲಿನಲ್ಲಿ ಕಾಯಬೇಕಾಗುತ್ತದೆ, ಅದೊಂದು ಬೇರೆ ಪಾಪ.

ಟಿಕೆಟ್ಟಿನ ಸಣ್ಣ ಅಕ್ಷರ

ಈಗ ವಿಷಯಕ್ಕೆ ಬರೋಣ. ಲಂಡನ್ ಅಂತ ಹೆಸರಿರುವ ವಿಮಾನ ನಿಲ್ದಾಣ ಒಂದಲ್ಲ, ಆರು: ಹೀಥ್ರೋ, ಗ್ಯಾಟ್ವಿಕ್, ಸ್ಟಾನ್‌ಸ್ಟೆಡ್, ಲೂಟನ್, ಸಿಟಿ, ಸೌತೆಂಡ್. ಹೀಥ್ರೋ ಊರಿನ ಪಶ್ಚಿಮಕ್ಕಿದ್ದರೆ ಗ್ಯಾಟ್ವಿಕ್ ದಕ್ಷಿಣಕ್ಕೆ. ಈ ಎರಡರ ನಡುವೆ ಹಿಂದೆ ಹೆಲಿಕಾಪ್ಟರ್ ಓಡುತ್ತಿತ್ತು. 1978ರಲ್ಲಿ ಶುರುವಾಗಿ 1986ರಲ್ಲಿ ನಿಂತಿತು. ಅದೇ ವರ್ಷ ಲಂಡನ್ನಿನ ಸುತ್ತಲಿನ ಎಂ25 ಹೆದ್ದಾರಿ ಪೂರ್ತಿಯಾಯಿತು. ಈಗ ಬಸ್ಸುಗಳು ಅದರ ಮೇಲೆಯೇ ಓಡುತ್ತವೆ. ದಾರಿ ಖಾಲಿ ಇದ್ದರೆ ಒಂದು ತಾಸಿನ ಮೇಲೆ ಸ್ವಲ್ಪ, ಸಂಚಾರ ದಟ್ಟಣೆ ಇದ್ದರೆ ಎಷ್ಟಾದರೂ.

ಟಿಕೆಟ್ಟಿನಲ್ಲಿ ಊರಿನ ಹೆಸರು ನೋಡಬೇಡಿ, ಅದರ ಪಕ್ಕದ ಮೂರು ಅಕ್ಷರ ನೋಡಿ. ಎಲ್‌ಎಚ್‌ಆರ್ ಅಂದರೆ ಹೀಥ್ರೋ, ಎಲ್‌ಜಿಡಬ್ಲ್ಯೂ ಅಂದರೆ ಗ್ಯಾಟ್ವಿಕ್. ಇಳಿಯುವ ಕಡೆ ಒಂದು, ಹತ್ತುವ ಕಡೆ ಇನ್ನೊಂದು ಇದ್ದರೆ ನಿಲ್ದಾಣ ಬದಲಿ ಇದೆ ಅಂತ ಅರ್ಥ. ನ್ಯೂಯಾರ್ಕ್, ಪ್ಯಾರಿಸ್, ಟೋಕಿಯೋ, ಶಾಂಘೈ ಊರುಗಳಲ್ಲೂ ಇದೇ ಕಥೆ. ನಮ್ಮಲ್ಲೂ ಬಂದಾಯಿತು. ಗೋವಾದಲ್ಲಿ ದಾಬೋಲಿಮ್ ಜೊತೆಗೆ ಮೋಪಾ ನಿಲ್ದಾಣದಿಂದ 2023ರ ಜನವರಿಯಿಂದ ವಿಮಾನ ಹಾರುತ್ತಿವೆ. ನವಿ ಮುಂಬೈಯ ಹೊಸ ನಿಲ್ದಾಣ 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾಯಿತು. ನಾಳೆ ಬೆಳಗಾವಿಯಿಂದಲೋ ಹುಬ್ಬಳ್ಳಿಯಿಂದಲೋ ಮುಂಬೈಗೆ ಹಾರಿ ಅಲ್ಲಿಂದ ದುಬೈಗೆ ಹೋಗುವವರು ಈ ಮೂರು ಅಕ್ಷರ ನೋಡದಿದ್ದರೆ ಕೆಟ್ಟರು.

ಎರಡನೆಯದು, ಬೇರೆ ಬೇರೆ ಟಿಕೆಟ್. ಎರಡೂ ವಿಮಾನ ಒಂದೇ ಟಿಕೆಟ್ಟಿನಲ್ಲಿದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ವ್ಯವಸ್ಥೆ ಕಂಪನಿಯದ್ದು. ಬೇರೆ ಬೇರೆ ಇದ್ದರೆ ಎರಡನೆಯ ಕಂಪನಿ ನಿಮ್ಮತ್ತ ತಿರುಗಿಯೂ ನೋಡುವುದಿಲ್ಲ, ಹೊಸ ಟಿಕೆಟ್ ನಿಮ್ಮ ಜೇಬಿನಿಂದ. ಆರು ಸಾವಿರ ಉಳಿಸಲು ಹೋಗಿ ಮೂವತ್ತು ಸಾವಿರ ಕಳೆದುಕೊಳ್ಳುವ ಜೂಜು ಅದು. ನಾನು ಆ ಜೂಜು ಆಡಿದ್ದು ಅವ್ವನನ್ನು ಪಣಕ್ಕಿಟ್ಟು. ಅವಳನ್ನು ಒಂದು ಮಾತು ಕೇಳಿರಲಿಲ್ಲ.

ವೀಸಾ ಮೊದಲು, ಮಾತು ಆಮೇಲೆ

ಹೊರಗೆ ಹೋಗಿ ಅಂತ ಬರೆಯುವವರು ಬಹಳ ಮಂದಿ ಈ ವಿಷಯ ಹಾರಿಸಿಬಿಡುತ್ತಾರೆ. ಅದಕ್ಕೇ ಬಿಡಿಸಿ ಹೇಳುತ್ತೇನೆ. ನಮ್ಮ ಅವ್ವ ಹೊರಟಿದ್ದು ಗ್ಲಾಸ್ಗೋಗೆ. ಅದು ಬ್ರಿಟನ್ನಿನೊಳಗೇ ಇದೆ. ಹೀಥ್ರೋದಲ್ಲಿ ಪಾಸ್‌ಪೋರ್ಟ್ ತಪಾಸಣೆ ಮುಗಿದ ಮೇಲೆ ಅವಳು ಲಂಡನ್ನಿನ ಯಾವ ಬೀದಿಯಲ್ಲಾದರೂ ನಡೆಯಬಹುದಿತ್ತು. ವೀಸಾಕ್ಕೆ ಹಣ ಕಟ್ಟಿದ್ದೆವು, ಬೆರಳಚ್ಚು ಕೊಟ್ಟಿದ್ದೆವು. ಅವಳಿಗೆ ಪೂರ್ತಿ ಹಕ್ಕಿತ್ತು, ನಾನು ಕೊಡಲಿಲ್ಲ.

ಲಂಡನ್ನಿನಲ್ಲಿ ವಿಮಾನ ಬದಲಿಸಿ ಬೇರೆ ದೇಶಕ್ಕೆ ಹೋಗುವವರ ಮಾತು ಬೇರೆ. ಒಂದೇ ನಿಲ್ದಾಣದ ಒಳಗೇ ವಿಮಾನ ಬದಲಿಸುವ ಭಾರತೀಯರಿಗೂ ಸಾಮಾನ್ಯವಾಗಿ ಒಂದು ವೀಸಾ ಬೇಕು. ನಿಲ್ದಾಣ ಬದಲಿಸಲು ಹೊರಗೆ ಬರಬೇಕಾದವರಿಗೆ 48 ತಾಸಿನೊಳಗೆ ದೇಶ ಬಿಡುವ ಷರತ್ತಿನ ಇನ್ನೊಂದು ಬಗೆಯ ವೀಸಾ. ಅಮೆರಿಕದಂಥ ಕೆಲವು ದೇಶಗಳ ವೀಸಾ ಇದ್ದವರಿಗೆ ರಿಯಾಯಿತಿ ಉಂಟು, ಆದರೆ ಅದು ಬಾಗಿಲಲ್ಲಿ ಕೂತ ಅಧಿಕಾರಿಯ ಕೈಯಲ್ಲಿದೆ. ಅಮೆರಿಕದಲ್ಲಂತೂ ಬರೀ ವಿಮಾನ ಬದಲಿಸುವುದಕ್ಕೂ ನಮ್ಮವರಿಗೆ ವೀಸಾ ಬೇಕೇ ಬೇಕು. ಟಿಕೆಟ್ ತೆಗೆಯುವ ಮುಂಚೆ ಆ ದೇಶದ ಸರ್ಕಾರದ ಜಾಲತಾಣದಲ್ಲಿ ನೋಡಿ. ಏಜೆಂಟನ "ಏನಾಗಲ್ಲ ಬಿಡ್ರಿ" ಎಂಬ ಮಾತಿನ ಮೇಲೆ ಹೋಗಬೇಡಿ. ಅವನೇನು ನಿಮ್ಮ ಜೊತೆ ಬಾಗಿಲಲ್ಲಿ ನಿಲ್ಲುವುದಿಲ್ಲ.

ಬ್ರಿಟನ್ನಿನ ಅಥವಾ ಅಮೆರಿಕದ ಪಾಸ್‌ಪೋರ್ಟ್ ಇದ್ದವರಿಗೆ ಎಷ್ಟೋ ಊರುಗಳು ಬಾಗಿಲು ತೆರೆದಿಡುತ್ತವೆ. ನಮ್ಮವರಿಗೆ ಅಂಥ ಬಾಗಿಲು ಕಡಿಮೆ. ಆದ್ದರಿಂದ ಎಲ್ಲಿ ವೀಸಾ ಕೈಯಲ್ಲಿದೆಯೋ ಅಲ್ಲಿ ಅದನ್ನು ಪೂರ್ತಿ ಬಳಸಿಕೊಳ್ಳುವುದು ಬಿಟ್ಟು ಕುರ್ಚಿಯಲ್ಲಿ ಕೂಡುವುದು ದುಪ್ಪಟ್ಟು ನಷ್ಟ.

ಲೆಕ್ಕ ಹಾಕಿ

ಹೊರಗೆ ಹೋಗಬೇಕೋ ಬೇಡವೋ ಎಂಬುದನ್ನು ಧೈರ್ಯ ನೋಡಿ ತೀರ್ಮಾನಿಸಬೇಡಿ. ಲೆಕ್ಕ ನೋಡಿ ತೀರ್ಮಾನಿಸಿ. ಹೀಥ್ರೋದಲ್ಲಿ ಇಳಿದು ತಪಾಸಣೆ, ಸಾಮಾನು ಮುಗಿಸಲು 2 ತಾಸು. ಊರೊಳಗೆ ಹೋಗಲು 1 ತಾಸು. ಊರಿನಿಂದ ಗ್ಯಾಟ್ವಿಕ್ಕಿಗೆ, ಕಾಯುವುದೂ ಸೇರಿ, 1 ತಾಸು. ವಿಮಾನಕ್ಕೆ 2 ತಾಸು ಮುಂಚೆ ಅಲ್ಲಿರಬೇಕು. ಒಟ್ಟು 6 ತಾಸು ಪ್ರಯಾಣದ ಪಾಲು. ನಿಮ್ಮ ಕೈಯಲ್ಲಿ 7 ತಾಸೇ ಇದ್ದರೆ ಊರು ನೋಡುವ ಮಾತು ಬೇಡ, ಸುಮ್ಮನೆ ಬಸ್ ಹಿಡಿದು ಹೋಗಿ. 9 ತಾಸು ಇದ್ದರೆ ಒಂದೇ ಜಾಗ ನೋಡಿ. ನಮ್ಮ ಅವ್ವನ ಕೈಯಲ್ಲಿ 11 ಇತ್ತು. ಆರು ಕಳೆದರೆ ಐದು. ಐದು ತಾಸಿನಲ್ಲಿ ಸಿದ್ಧಾರೂಢ ಮಠವನ್ನೂ ದುರ್ಗದಬೈಲನ್ನೂ ಮುಗಿಸಿ ಇನ್ನೂ ಚಹಾ ಕುಡಿಯುವ ಹೆಣ್ಣುಮಗಳು ಅವಳು.

ದಾರಿ ಇದು

ಹೀಥ್ರೋದ ನೆಲದಡಿಯಲ್ಲೇ ಪಿಕಡಿಲ್ಲಿ ಲೈನ್ ಎಂಬ ರೈಲು ಸಿಗುತ್ತದೆ. ಎಕ್ಸ್‌ಪ್ರೆಸ್ ಅಂತ ಹೆಸರಿರುವ ರೈಲಿಗೆ ದುಡ್ಡು ಬಹಳ, ಇದು ಅಗ್ಗ. ಟಿಕೆಟ್ ಕೌಂಟರ್ ಬೇಕಿಲ್ಲ. ಮುಟ್ಟಿಸಿದರೆ ಸಾಕಾಗುವ ಬ್ಯಾಂಕ್ ಕಾರ್ಡನ್ನು ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಅದೇ ಕಾರ್ಡನ್ನು ಇನ್ನೊಮ್ಮೆ ಮುಟ್ಟಿಸಬೇಕು. ಊರು ಬಿಡುವ ಮುಂಚೆ ಬ್ಯಾಂಕಿಗೆ ಹೇಳಿ ಪರದೇಶದ ಬಳಕೆ ಚಾಲೂ ಮಾಡಿಸಿ. ಲಂಡನ್ನಿನ ಸಿಟಿ ಬಸ್ಸುಗಳು 2014ರಿಂದ ನಗದು ತೆಗೆದುಕೊಳ್ಳುವುದಿಲ್ಲ. ಸೆರಗಿನ ಗಂಟಿನಲ್ಲಿ ಪೌಂಡ್ ಕಟ್ಟಿಕೊಂಡು ಹೋದರೆ ಬಸ್ಸಿನಲ್ಲಿ ಕೆಲಸಕ್ಕೆ ಬಾರದು.

ಪಿಕಡಿಲ್ಲಿ ಲೈನಿನಲ್ಲಿ ಹ್ಯಾಮರ್‌ಸ್ಮಿತ್ ತನಕ ಬಂದು, ಅದೇ ಪ್ಲಾಟ್‌ಫಾರ್ಮಿನ ಎದುರು ಬದಿಗೆ ಬರುವ ಡಿಸ್ಟ್ರಿಕ್ಟ್ ಲೈನ್ ಹತ್ತಿದರೆ ವಿಕ್ಟೋರಿಯಾ. ಗ್ಯಾಟ್ವಿಕ್ಕಿಗೆ ರೈಲು ಹೊರಡುವುದು ಇಲ್ಲಿಂದಲೇ. ಹಣ ಕೊಟ್ಟು ಸಾಮಾನು ಇಡುವ ಕೋಣೆ ಈ ನಿಲ್ದಾಣದಲ್ಲಿದೆ. ದೊಡ್ಡ ಚೀಲ ಅಲ್ಲಿಟ್ಟು ಚೀಟಿ ತೆಗೆದುಕೊಳ್ಳಿ. ಹೀಥ್ರೋದಲ್ಲಿ ಮಾತ್ರ ಇಡಬೇಡಿ. ಮತ್ತೆ ಅತ್ತ ಹೋಗುವುದಿಲ್ಲವಲ್ಲ.

ಕೈ ಖಾಲಿಯಾಯಿತು. ಮತ್ತೆ ಅದೇ ಡಿಸ್ಟ್ರಿಕ್ಟ್ ಲೈನಿನಲ್ಲಿ ಎರಡನೇ ನಿಲ್ದಾಣ ವೆಸ್ಟ್‌ಮಿನ್‌ಸ್ಟರ್. ಹೊರಗೆ ಬಂದರೆ ತಲೆಯ ಮೇಲೆ ದೊಡ್ಡ ಗಡಿಯಾರ, ಪಕ್ಕದಲ್ಲಿ ಬ್ರಿಟನ್ನಿನ ಸಂಸತ್ತು. ಸೇತುವೆ ದಾಟಿ ಬಲಕ್ಕೆ ತಿರುಗಿ ನದಿಯ ಗುಂಟ ನಡೆಯಬೇಕು. ಒಂದು ಉದ್ದನೆಯ ಗೋಡೆಯ ಮೇಲೆ ಸಾಲುಸಾಲು ಕೆಂಪು ಹೃದಯ ಬಿಡಿಸಿದ್ದಾರೆ. ಕೊರೊನಾದಲ್ಲಿ ಸತ್ತವರ ನೆನಪಿಗೆ, ಒಬ್ಬೊಬ್ಬರಿಗೆ ಒಂದೊಂದು. ಅದನ್ನು ಓದಲು ಯಾವ ಭಾಷೆಯೂ ಬೇಕಿಲ್ಲ. 2021ರಲ್ಲಿ ನಮ್ಮ ಊರಲ್ಲೂ ಮಂದಿ ಸತ್ತರು. ಅವರಿಗೆ ಅಂಥ ಗೋಡೆ ಇಲ್ಲ.

ಹಾಗೇ ನದಿಯ ಗುಂಟ ಮುಂದುವರಿದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬ ದಂಡೆ. ಅಲ್ಲಿದ್ದಾನೆ ಬಸವಣ್ಣ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ ಪುತ್ಥಳಿ. ಅದು ಅಲ್ಲಿ ನಿಲ್ಲುವಂತೆ ಓಡಾಡಿದವರು ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ್, ಲಂಡನ್ನಿನ ಲ್ಯಾಂಬೆತ್ ಭಾಗದ ಮೇಯರ್ ಆಗಿದ್ದವರು. ಅನುಭವ ಮಂಟಪವನ್ನು ನಾವು ಜಗತ್ತಿನ ಮೊದಲ ಸಂಸತ್ತು ಅಂತ ಭಾಷಣದಲ್ಲಿ ಹೇಳಿಕೊಳ್ಳುತ್ತೇವಲ್ಲ, ಬ್ರಿಟನ್ನಿನ ಸಂಸತ್ತಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಬಸವಣ್ಣ ನಿಂತಿದ್ದಾನೆ. ಪ್ರವೇಶ ಶುಲ್ಕವಿಲ್ಲ, ಬಾಗಿಲಿಲ್ಲ. ಕೃಷ್ಣೆ ಮಲಪ್ರಭೆ ಕೂಡುವಲ್ಲಿ ವರ್ಷಾವರ್ಷ ಕೈ ಮುಗಿಯುವ ಹೆಣ್ಣುಮಗಳು ಥೇಮ್ಸ್ ದಂಡೆಯಲ್ಲಿ ಒಮ್ಮೆ ಕೈ ಮುಗಿದಿದ್ದರೆ ಯಾರಿಗೆ ಏನು ನಷ್ಟವಾಗುತ್ತಿತ್ತು?

ಇನ್ನೂ ಹೊತ್ತಿದ್ದರೆ ಸೌತ್ ಕೆನ್ಸಿಂಗ್ಟನ್. ಅಲ್ಲಿಯ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಟಿಪ್ಪುವಿನ ಮರದ ಹುಲಿ ಇದೆ, ಬಿಳಿ ಸಿಪಾಯಿಯ ಮೇಲೆ ಎರಗಿದ ಹುಲಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯವರು ಒಯ್ದದ್ದು. ಮ್ಯೂಸಿಯಂ ನೋಡಲು ಟಿಕೆಟ್ ಇಲ್ಲ. ಬೆಳಗ್ಗೆ 10ಕ್ಕೆ ತೆರೆಯುತ್ತದೆ. ಗ್ಯಾಲರಿಗಳ ದುರಸ್ತಿ ಆಗಾಗ ನಡೆಯುವುದರಿಂದ ಹುಲಿಯನ್ನು ಎಲ್ಲಿಟ್ಟಿದ್ದಾರೆ ಅಂತ ಮ್ಯೂಸಿಯಂನ ಜಾಲತಾಣದಲ್ಲಿ ನೋಡಿಕೊಂಡು ಹೋಗಿ. ನಮ್ಮ ನೆಲದಿಂದ ಹೋದ ವಸ್ತು ಅದು. ನಮ್ಮವರು ಅದರ ಪಕ್ಕದ ದಾರಿಯಲ್ಲೇ ಹಾದು ಹೋಗಿ ನೋಡದೆ ಬರುವುದು ನನಗೆ ಸರಿ ಕಾಣುವುದಿಲ್ಲ.

ಆಮೇಲೆ ಮತ್ತೆ ವಿಕ್ಟೋರಿಯಾ. ಚೀಲ ಬಿಡಿಸಿಕೊಂಡು ಗ್ಯಾಟ್ವಿಕ್ ರೈಲು. ಇಲ್ಲೂ ಎಕ್ಸ್‌ಪ್ರೆಸ್ ಅಂತ ಒಂದಿದೆ, ದುಡ್ಡು ಜಾಸ್ತಿ. ಅದೇ ಹಳಿಯ ಮೇಲೆ ಸದರ್ನ್ ಕಂಪನಿಯ ರೈಲು ಅಗ್ಗಕ್ಕೆ ಒಯ್ಯುತ್ತದೆ, ಕೆಲವು ನಿಮಿಷವಷ್ಟೇ ಹೆಚ್ಚು. ಅರ್ಧ ತಾಸಿನ ಆಜುಬಾಜು ಗ್ಯಾಟ್ವಿಕ್.

ಊರು ನೋಡುವ ಮನಸ್ಸಿಲ್ಲದೆ ಬರೀ ನಿಲ್ದಾಣ ಬದಲಿಸುವವರಿಗೂ ರೈಲಿನ ದಾರಿ ಇದೆ. ಹೀಥ್ರೋದಿಂದ ಎಲಿಜಬೆತ್ ಲೈನಿನಲ್ಲಿ ಫ್ಯಾರಿಂಗ್ಡನ್, ಅಲ್ಲಿಂದ ಥೇಮ್ಸ್‌ಲಿಂಕ್ ರೈಲಿನಲ್ಲಿ ನೇರ ಗ್ಯಾಟ್ವಿಕ್. ಫ್ಯಾರಿಂಗ್ಡನ್ನಿನಲ್ಲಿ ಲಿಫ್ಟ್ ಇದೆ, ಚೀಲ ಹೊತ್ತು ಮೆಟ್ಟಿಲು ಹತ್ತಬೇಕಿಲ್ಲ.

ಬರೆಯುವುದು ಸುಲಭ ಅನ್ನುವವರಿಗೆ

"ನೀನು ಬರೆದುಬಿಡ್ತೀ. 62 ವರ್ಷದ ಮುದುಕಿ, ಇಂಗ್ಲಿಷ್ ಬಾರದು, ಲಂಡನ್ನಿನಲ್ಲಿ ಏನಾದರೂ ಆದರೆ?" ಅಂತ ನನ್ನ ಗೆಳೆಯನೊಬ್ಬ ಕೇಳಿದ. ಸರಿಯಾದ ಪ್ರಶ್ನೆ. ಲಂಡನ್ನಿನಲ್ಲೂ ಜೇಬುಗಳ್ಳರಿದ್ದಾರೆ, ಫೋನ್ ಕಿತ್ತುಕೊಂಡು ಓಡುವವರಿದ್ದಾರೆ. ಮಳೆ ಬರುತ್ತದೆ, ರೈಲು ನಿಲ್ಲುತ್ತದೆ, ಮುಷ್ಕರ ನಡೆಯುತ್ತದೆ. ಎಲ್ಲರೂ ಹೋಗಲೇಬೇಕು ಅಂತ ನಾನು ಹೇಳುತ್ತಿಲ್ಲ. ಕಾಲು ನೋವಿದ್ದವರು, ನಿದ್ದೆ ಕೆಟ್ಟವರು, ಮನಸ್ಸಿಲ್ಲದವರು ಕುರ್ಚಿಯಲ್ಲೇ ಕೂಡಲಿ, ಮಲಗಲಿ. ಅದೂ ಹೊತ್ತಿನ ಒಳ್ಳೆಯ ಬಳಕೆಯೇ. ನನ್ನ ಜಗಳ ಇಷ್ಟೇ: ಆ ತೀರ್ಮಾನ ಅವರದ್ದಾಗಿರಬೇಕು. ಮಗ ಹೆದರಿದ ಅಂತ ತಾಯಿ ಕೂಡಬಾರದು.

ಇನ್ನು ಭಾಷೆ. ಹೀಥ್ರೋದ ಪಕ್ಕದಲ್ಲಿ ಸೌತಾಲ್ ಅಂತ ಊರಿದೆ, ಪಂಜಾಬಿ ಮಂದಿಯ ಊರು. ನಿಲ್ದಾಣದಲ್ಲಿ ಕೆಲಸ ಮಾಡುವವರಲ್ಲಿ ಅವರು ಬಹಳ. ಅವ್ವನಿಗೆ ಬಸ್ ತೋರಿಸಿದ್ದು ಯಾರು ಗೊತ್ತೇ? ನೆಲ ಒರೆಸುತ್ತಿದ್ದ ಒಬ್ಬ ಪಂಜಾಬಿ ಹೆಣ್ಣುಮಗಳು. ಅವ್ವನಿಗೆ ಹಿಂದಿ ನಾಲ್ಕು ಮಾತು ಬರುತ್ತದೆ, ಅದರಲ್ಲೇ ಆಯಿತು. ಹೋಗುವಾಗ ಆ ಹೆಣ್ಣುಮಗಳಿಗೆ ಅವ್ವ ಎರಡು ಕರದಂಟು ಕೊಟ್ಟಳಂತೆ. "ಯಾರ ಜೋಡಿನೂ ಮಾತಾಡಬ್ಯಾಡ" ಎಂದ ನನ್ನ ಮಾತು ಅಲ್ಲೇ ಮುರಿದಳು. ಮುರಿದದ್ದಕ್ಕೇ ಬಸ್ ಸಿಕ್ಕಿತು.

ಫೋನಿನ ಅನುವಾದಕಕ್ಕೆ ಕನ್ನಡ ಬರುತ್ತದೆ. ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಂಡರೆ ನೆಟ್ ಇಲ್ಲದೆಯೂ ದಾರಿ ತೋರಿಸುತ್ತದೆ. ಬ್ರಿಟನ್ನಿನಲ್ಲಿ ಕನ್ನಡ ಬಳಗದಂಥ ಸಂಘಗಳಿವೆ, ಒಂದು ತಿಂಗಳು ಮುಂಚೆ ಕೇಳಿದರೆ ಜೊತೆಗೆ ಬರುವ ಒಬ್ಬರು ಸಿಕ್ಕರೂ ಸಿಗಬಹುದು. ನಾನು ಇದ್ಯಾವುದನ್ನೂ ಮಾಡಲಿಲ್ಲ. ಚೀಟಿ ಬರೆದೆ, ಹೆದರಿಸಿದೆ, ಕಳಿಸಿದೆ.

ಆಗಬೇಕಾದದ್ದು

ಏಜೆಂಟರಿಗೆ: ನಿಲ್ದಾಣ ಬದಲಿ ಇದ್ದರೆ, ಟಿಕೆಟ್ ಬೇರೆ ಬೇರೆ ಇದ್ದರೆ, ಹಣ ಎಣಿಸಿಕೊಳ್ಳುವ ಮುಂಚೆ ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ. ಬಸ್ಸಿನ ಏಜೆಂಟ್ ಕೂಡ "ಹುಬ್ಬಳ್ಳ್ಯಾಗ ಬಸ್ ಬದಲಾಗ್ತೈತ್ರಿ" ಅಂತ ಹೇಳುತ್ತಾನೆ. ಲಕ್ಷ ರೂಪಾಯಿ ವ್ಯವಹಾರ ಮಾಡುವ ನಿಮಗೆ ಅಷ್ಟು ಮರ್ಯಾದೆ ಇರಲಿ.

ನಮ್ಮ ಗ್ರಾಮ ಪಂಚಾಯಿತಿಗಳಿಗೆ: ಪಂಚಾಯಿತಿ ಗ್ರಂಥಾಲಯಗಳನ್ನು ಅರಿವು ಕೇಂದ್ರ ಅಂತ ಕರೆದಾಯಿತು, ಕಂಪ್ಯೂಟರ್ ಇಟ್ಟಾಯಿತು. ಬಾಣಂತನಕ್ಕೆ, ಮೊಮ್ಮಕ್ಕಳನ್ನು ನೋಡಲಿಕ್ಕೆ, ಗಲ್ಫ್ ದೇಶಗಳಿಗೆ ದುಡಿಯಲಿಕ್ಕೆ ಹೋಗುವವರು ಈಗ ಹಳ್ಳಿಹಳ್ಳಿಯಲ್ಲಿದ್ದಾರೆ. ವರ್ಷಕ್ಕೆ ಒಂದು ದಿನ ಅವರನ್ನು ಕೂಡಿಸಿ, ಹೋಗಿ ಬಂದವರಿಂದಲೇ ಹೇಳಿಸಿ. ಟಿಕೆಟ್ ಓದುವುದು ಹೇಗೆ, ಕಾರ್ಡ್ ಮುಟ್ಟಿಸುವುದು ಹೇಗೆ, ದಾರಿ ತಪ್ಪಿದರೆ ಯಾರನ್ನು ಕೇಳಬೇಕು. ಇದಕ್ಕೆ ಅನುದಾನ ಬೇಕಿಲ್ಲ. ಒಂದು ಕೋಣೆ, ಒಂದು ಮಧ್ಯಾಹ್ನ ಸಾಕು.

ಪರದೇಶದಲ್ಲಿರುವ ಮಕ್ಕಳಿಗೆ, ಊರಲ್ಲಿದ್ದು ಟಿಕೆಟ್ ತೆಗೆಯುವ ನನ್ನಂಥವರಿಗೆ: ನಿಮ್ಮ ಲೇಓವರ್ ಆದರೆ ಮೊದಲೇ ಊರು ಹುಡುಕುತ್ತೀರಿ, ಹೋಟೆಲ್ ಹುಡುಕುತ್ತೀರಿ, ಫೋಟೋ ಹಾಕುತ್ತೀರಿ. ಅವ್ವ ಅಪ್ಪನದ್ದಾದರೆ "ಅಲ್ಲೇ ಕುಂದ್ರು" ಅನ್ನುತ್ತೀರಿ. ಬಾಣಂತನ ಮಾಡಲು ಹೊರಟವಳು ಆರು ತಿಂಗಳು ನಿಮ್ಮ ಮನೆಯ ಅಡುಗೆಮನೆಯಲ್ಲೇ ಇರುವವಳು. ಆ ಇಡೀ ಪ್ರಯಾಣದಲ್ಲಿ ಅವಳದ್ದೇ ಅಂತ ಇರುವ ಹೊತ್ತು ಆ ನಡುವಿನ ಕೆಲವು ತಾಸು ಮಾತ್ರ. ಅದಕ್ಕೂ ಕುರ್ಚಿ ಹಾಕಿ ಬೀಗ ಜಡಿಯಬೇಡಿ.

ಅಕ್ಕನ ಎರಡನೇ ಬಾಣಂತನಕ್ಕೆ ಅವ್ವ ಮತ್ತೆ ಹೊರಟಿದ್ದಾಳೆ. ಈ ಸಲ ಒಂದೇ ಟಿಕೆಟ್ ತೆಗೆಯೋಣ, ಲಂಡನ್ನಿನಲ್ಲಿ ಎರಡೇ ತಾಸು, ನಿಲ್ದಾಣ ಬದಲಿ ಇಲ್ಲ, ಆರಾಮ ಅಂತ ನಾನು ಹೇಳಿದೆ. ಅವ್ವ ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ಎರಡ ತಾಸಿನಾಗ ಬಸವಣ್ಣನ ಕಡೆ ಹೋಗಿ ಬರಾಕ ಆಕ್ಕೈತೇನು?"

ಆಗುವುದಿಲ್ಲ ಅಂದೆ.

"ಹಂಗಾದ್ರ ಹನ್ನೊಂದ ತಾಸಿಂದ ತೆಗಿ."

ಟಿಕೆಟ್ ತೆಗೆಯುವ ಮುಂಚೆ ನಿಮ್ಮ ಅವ್ವನನ್ನೂ ಒಂದು ಮಾತು ಕೇಳಿ. ಮೊದಲ ಸಲ ನಾನು ಕೇಳಿರಲಿಲ್ಲ.